ಅರಮನೆ ಮಡಕೆ ತುಂಬಲಿಲ್ಲ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಮೂರು ಒಗಟು ಹಾಕಿದ್ದಾರೆ! ಬಿಡಿಸಿದೋರಿಗೆ ಮಂತ್ರಿಗಿರಿ, ತಪ್ಪಿದೋರಿಗೆ ನೇಣು!"

ಹಿಂಗಂತ ರಾಜ್ಯದ ತುಂಬಾ ಡಂಗುರ! ಯಾಕೆ ಅಂತೀರಾ? ಹೇಳ್ತೀನಿ. ನೀವು ಹೂಂ ಅಂತಾ ಇರಿ, ಇಲ್ದಿದ್ರೆ ನಂಗೆ ಕತೆ ಮುಂದಕ್ಕೇ ಹೋಗಲ್ಲ.

ಅಲ್ಲೊಂದು ಪದ್ಧತಿ. ರಾಜನ ಆಳ್ವಿಕೆಯ ಒಂದೊಂದು ಅವಧಿ ಅರ್ಧಕ್ಕೆ ಬಂದಾಗ ಎರಡು ಮಡಕೆ ಇಡೋದು, ಒಂದು ಅರಮನೆ ಪಕ್ಷದ್ದು, ಒಂದು ಎದುರು ಪಕ್ಷದ್ದು. ಜನ ಬಂದು ಬೇಕಾದ್ರಲ್ಲಿ ಹುಣಸೆ ಬೀಜ ಹಾಕೋದು. ಅರಮನೆ ಮಡಕೆ ಉಕ್ಕುತ್ತೆ ಅಂತ ಕೆಳಗೆ ಪರಾತಾನೂ ಇಟ್ಟಿದ್ರು ಕಣ್ರಿ! ನೋಡಿದ್ರೆ ಬೀಜ ಅರ್ಧಕ್ಕೂ ಬಂದಿಲ್ಲ! ರಾಜ ಕೆಂಡ ಆದ. "ಮನೆಮನೆಯೋರೂ ನಮ್ಮ ಕಡೆ" ಅಂತ ಸುದ್ದಿ ತಂದಿದ್ದ ಡಂಗುರದ ದೊಡ್ಡೀರನ್ನ ಸೆರೆಗೆ ಹಾಕಿಸಿ, "ಸುಳ್ಳ! ನಿಂಗೆ ನೇಣೇ" ಅಂದ.

ರಾಜಕುಮಾರಿ ಹೊನ್ನಾಂಬೆಗೆ ನಿಜ ಗೊತ್ತಿತ್ತು. ಅಪ್ಪನಿಗೆ ನೇರ ಹೇಳೋಕೆ ಮಗಳಿಗೂ ಭಯ! ಅದಕ್ಕೇ, "ಅಪ್ಪಾಜಿ, ಮಡಕೆ ಯಾಕೆ ತುಂಬಲಿಲ್ಲ ಅನ್ನೋದು ಈ ಒಗಟುಗಳಲ್ಲೇ ಇದೆ" ಅಂದಳು.

ಮೊದಲನೇದು: "ಕರೆದಾಗ ಕಡಲು, ಬೇಕಾದಾಗ ಬಯಲು. ಏನದು?"

"ಶತ್ರು ಸೈನ್ಯ!" ಅಂದ ಸೇನಾಪತಿ. ನೇಣು. "ಎದುರು ಪಕ್ಷದ ಮಾಟ!" ಅಂದರು ಜೋಯಿಸರು. ಅವರಿಗೂ ನೇಣು. ಆಮೇಲೆ ಯಾರು ಬರ್ತಾರೆ?

ಬಂದ, ಸಣ್ಣೀರ! ದೊಡ್ಡೀರನ ತಮ್ಮ, ಕತ್ತೆ ಕಾಯೋನು.

"ಏನೋ, ನಮ್ಮ ಪಕ್ಷದ ಮೆರವಣಿಗೆಗೆ, ಪಾಯಸದೂಟಕ್ಕೆ ಊರಿಗೆ ಊರೇ ಬಂತು, ನಿನ್ನ ಕತ್ತೆಗಳು ಬರಲಿಲ್ವಲ್ಲೋ?" ಅಂತ ಹಳೇ ಮಂತ್ರಿ ನಕ್ಕ.

"ಅವು ಪಾಯಸ ತಿನ್ನಲ್ಲ ಬುದ್ಧೀ. ಒಗಟಿಗೂ ಅದೇ ಉತ್ತರ. ಬಿಟ್ಟಿ ಪಾಯಸದ ಪಂಕ್ತಿ. ಎಲೆ ಎತ್ತಿದ ಮೇಲೆ, ಬೀಜ ಹಾಕೋ ಹೊತ್ತಿಗೆ, ಅಲ್ಲಿ ಯಾರಿರ್ತಾರೆ?"

ಹೊನ್ನಾಂಬೆ ತಲೆಯಾಡಿಸಿದಳು. "ಎರಡನೇದು. ಎಲ್ಲರೂ 'ಬೇರೆಯೋರು ಹಾಕಿರ್ತಾರೆ ಬಿಡು' ಅಂದ್ಕೊಂಡ್ರು, ಅದಕ್ಕೇ ಯಾರೂ ಹಾಕಲಿಲ್ಲ."

"ನಾಲ್ಕು ಸೊಸೆಯರ ಮನೆ ಸಾರಿನ ಉಪ್ಪು, ತಾಯಿ! ಅರಮನೆ ಪಕ್ಷದೋರೇ, ಹೆಂಗೂ ಗೆಲ್ತೀವಲ್ಲ ಅಂತ ಮನೇಲಿ ಮಲಗಿದ್ರು."

"ಮೂರನೇದು. ಬಾಯಿ ತೆರೆಯದೇ ಆಡೋ ಮಾತು. ಒಪ್ಪಿಗೆ ಥರ ಕೇಳ್ಸುತ್ತೆ, ಒಪ್ಪಿಗೆ ಅಲ್ಲ."

ಸಣ್ಣೀರ ಸುಸ್ತು! ನೇಣಿಗೆ ಅಂತ ಅಣ್ಣನ್ನ ಬೇರೆ ಎಳ್ಕೊಂಡು ಬಂದ್ರು. ರಾಜ ಸಭೆ ಕಡೆ ತಿರುಗಿ, "ನನ್ನ ರಾಜ್ಯದಲ್ಲಿ ಎಲ್ಲಾ ಸುಖವಾಗಿದ್ದೀರಿ ತಾನೆ?" ಅಂದ.

ಸಭೆಗೆ ಸಭೆಯೇ "ಹೂಂ" ಅಂತು.

"ಅದೇ! ಅದೇ ಬುದ್ಧೀ, ಹೂಂ!" ಸಣ್ಣೀರ ಕಿರುಚಿದ. "ನಮ್ಮವ್ವ ಕತೆ ಹೇಳುವಾಗ ನಾವು ಹೂಂ ಅಂತೀವಿ. ನಂಬಿ ಅಲ್ಲ, ಕತೆ ಮುಗೀಲಿ ಅಂತ. ತೆರಿಗೆ ಏರಿಸಿದ್ರಿ, ಒಡೆದ ಕೆರೆ ಏರಿ ಕಟ್ಟಿಸ್ಲಿಲ್ಲ. ಆಮೇಲೆ ನಮ್ಮಣ್ಣನ ಹಿಂದೆ ಭರ್ಜಿ ಹಿಡಿದ ಭಟರನ್ನ ಕಳಿಸಿ, 'ಬೀಜ ನಮಗೇ ತಾನೆ?' ಅಂತ ಕೇಳಿಸಿದ್ರಿ. ಜನ ಹೂಂ ಅಂದ್ರು. ಅಣ್ಣ ಸುಳ್ಳು ಹೇಳ್ಲಿಲ್ಲ ಬುದ್ಧೀ, ಕೇಳಿಸ್ಕೊಂಡಿದ್ದನ್ನ ಹೇಳ್ದ."

"ಮೂರೂ ಸರಿ" ಅಂದಳು ಹೊನ್ನಾಂಬೆ. ಅಣ್ಣನ ಕಟ್ಟು ಬಿಚ್ಚಿದ್ರು. ಸಣ್ಣೀರನ ತಲೆಗೆ ಮಂತ್ರಿ ಪೇಟ ಇಟ್ರು.

ರಾಜ ಬೆನ್ನು ತಟ್ಟಿ, "ಭೇಷ್! ಇನ್ಮೇಲೆ ನಂಗೆ ನಿಜ ಹೇಳೋನು ನೀನೇ. ಹೇಳು, ಮುಂದಿನ ಸಲ ಮಡಕೆ ಉಕ್ಕುತ್ತೆ ತಾನೆ?" ಅಂದ.

ಸಣ್ಣೀರ ಬಾಯಿ ತೆರೆದ. ಕಿಟಕಿಯಾಚೆ ಸೇನಾಪತಿ ಇನ್ನೂ ತೂಗಾಡ್ತಿದ್ದ. ಬಾಯಿ ಮುಚ್ಚಿದ.

"ಹೂಂ" ಅಂದ.

ಹೊನ್ನಾಂಬೆ ಮುಖ ಆ ಕಡೆ ತಿರುಗಿಸಿದಳು. ರಾಜ ಇನ್ನೂ ದೊಡ್ಡ ಪರಾತ ಮಾಡ್ಸೋಕೆ ಹೇಳ್ದ.

ನಾನು ಹೇಳಿದ್ದು ಇಷ್ಟು. ನೀವು ಅಂದ ಹೂಂ ಯಾವ ಹೂಂ ಅಂತ ನಿಮಗೇ ಗೊತ್ತು.