ಭವನದ ಬೀಗದ ಕೈ

ಆಮೆಯಮ್ಮ ತಲುಪುವ ಹೊತ್ತಿಗೆ ಯಾವಾಗಲೂ ಸಭೆ ಮುಗಿದಿರುತ್ತಿತ್ತು. ಕಳೆದ ಸಲವಂತೂ ಆಕೆ ಬರುವಷ್ಟರಲ್ಲಿ ಆಕೆಯ ಕೊಳದ ಅರ್ಧವನ್ನು ಕೋಣಪ್ಪನಿಗೆ ಕೊಟ್ಟಾಗಿತ್ತು. ಉಳಿದರ್ಧವೂ ಹೋದೀತೆಂದು ಹೆದರಿ ಈ ಸಲ ಹಿಂದಿನ ದಿನವೇ ಹೊರಟು ಬಂದಿದ್ದಳು.

ಅಂದಿನ ಚರ್ಚೆ, ಪ್ರಾಣಿಗಳ ಸಮುದಾಯ ಭವನ ಎಲ್ಲಿ ಕಟ್ಟಬೇಕೆಂಬುದು.

"ನನ್ನ ಆಲದ ಬುಡದಲ್ಲಿ," ಎಂದ ಕೋತಿರಾಯ.

"ನನ್ನ ಕೊಟ್ಟಿಗೆ ಪಕ್ಕ," ಎಂದ ಕೋಣಪ್ಪ.

"ನಿನ್ನ ಸಗಣಿ ದಾಟಿಕೊಂಡು ಯಾರಯ್ಯ ಬರ್ತಾರೆ?" ನರಿಯಣ್ಣ ಮೂಗು ಮುಚ್ಚಿಕೊಂಡ.

ಆಮೆಯಮ್ಮ ಕತ್ತು ಹೊರಚಾಚಿದಳು. "ಎಲ್ಲಾದರೂ ಕಟ್ಟಿಕೊಳ್ಳಿರಪ್ಪ. ಬೀಗದ ಕೈ ಯಾರ ಹತ್ತಿರ ಇರುತ್ತೆ? ಹೊತ್ತಲ್ಲದ ಹೊತ್ತಲ್ಲಿ ಬಾಗಿಲು ತೆಗಿ ಅಂತ ಬಂದು ಎಬ್ಬಿಸ್ತಾರೆ. ಜಮಖಾನ ಕಳೆದರೂ ಅವರನ್ನೇ ಕೇಳ್ತಾರೆ."

ಎಲ್ಲರೂ ಆಕಾಶ ನೋಡತೊಡಗಿದರು.

"ಹೋಗಲಿ ಬಿಡಿ, ನಾನೇ ಇಟ್ಟುಕೊಳ್ತೇನೆ."

"ಎಂಥಾ ದೊಡ್ಡ ಮನಸ್ಸು ನಿಮ್ಮದು, ಆಮೆಯಮ್ಮಾ!" ಎಂದು ಕೋಣಪ್ಪ ಕೊಂಡಾಡಿದ. ಭವನ ಅವನ ಕೊಟ್ಟಿಗೆಯ ಪಕ್ಕದಲ್ಲೇ ಎದ್ದಿತು. ಭವನದ ಹೊರಗೆ ಮಾಡಿದ ತೀರ್ಮಾನ ಯಾವುದೂ ನಡೆಯುವುದಿಲ್ಲವೆಂಬ ನಿಯಮವನ್ನೂ ಅವನೇ ಮಾಡಿಸಿದ.

ಮೊದಲ ಸಭೆಯ ದಿನ ಎಲ್ಲರೂ ಮುಚ್ಚಿದ ಬಾಗಿಲ ಮುಂದೆ ಉರಿಬಿಸಿಲಲ್ಲಿ ನಿಂತಿದ್ದರು. ಉಳಿದರ್ಧ ಕೊಳವನ್ನೂ ಕೇಳಬೇಕೆಂದಿದ್ದ ಕೋಣಪ್ಪ ಎಲ್ಲರಿಗಿಂತ ಜೋರಾಗಿ ಕೂಗಿದ. "ಬೇಗ ಬಾರಮ್ಮಾ!"

"ಬಂದೆನಪ್ಪಾ, ಬಂದೆ," ಎಂದಳು ಆಮೆಯಮ್ಮ, ದೂರದಿಂದ. ಬೀಗದ ಕೈ ಚಿಪ್ಪಿನೊಳಗೆ ಭದ್ರವಾಗಿತ್ತು. ಅಷ್ಟರಲ್ಲಿ ದಾರಿಯ ಪಕ್ಕ ಎಳೆ ಗರಿಕೆ ಕಂಡಿತು. ಕಂಡ ಮೇಲೆ ತಿನ್ನದೆ ಮುಂದೆ ಹೋಗುವುದು ಆಕೆಗೆ ಸರಿ ಕಾಣಲಿಲ್ಲ.