ಹೊಸೆದವನೇ ಮೊದಲು ಇಳಿಯಬೇಕು

“ಗುರುಗಳೇ, ನಮ್ಮ ಪಾಪವನ್ನೆಲ್ಲ ಕ್ರಿಸ್ತನು ಹೊತ್ತ ಮೇಲೆ ನಾವು ಹೊರುವುದಕ್ಕೆ ಏನು ಉಳಿಯಿತು?” ಎಂದು ಶಿಷ್ಯನು ಕೇಳಿದನು.

ಗುರುವು ಒಂದು ಊರಿನ ಕ್ರೈಸ್ತ ದೇವಾಲಯದಲ್ಲಿ ಮೂವತ್ತು ವರ್ಷ ಜನರಿಗೆ ಜಪ ಹೇಳಿಸಿದ ಮುದುಕ. ಶಿಷ್ಯನು ಅದೇ ಕೆಲಸವನ್ನು ಕಲಿಯಲು ಬಂದವನು. ಆ ಬೆಳಿಗ್ಗೆಯಷ್ಟೇ ಸ್ವಾಮಿಗಳ ಬಳಿ ಪಾಪನಿವೇದನೆ ಮಾಡಿ ಬಂದಿದ್ದ, ಮನಸ್ಸು ಹಗುರವಾಗಿತ್ತು. ಗುರುವು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದನು.

ಬಾವಿ ತೋಡುವವರ ಒಂದು ಊರು. ಅಲ್ಲಿ ರಾಯಪ್ಪನೆಂಬ ಒಬ್ಬ ಹಗ್ಗ ಹೊಸೆಯುವವನಿದ್ದ. ಕತ್ತಾಳೆಯನ್ನು ಕೆರೆಯಲ್ಲಿ ನೆನೆಹಾಕಿ, ಬಡಿದು, ನಾರು ತೆಗೆದು ಹೊಸೆಯುವುದು ಅವನ ಕಸುಬು. ಒಳ್ಳೆಯ ಕೆಲಸಗಾರ. ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಹೊಸ ಹಗ್ಗವನ್ನು ಬಾವಿಗೆ ಬಿಟ್ಟಾಗ ಹೊಸೆದವನೇ ಮೊದಲು ಇಳಿಯಬೇಕು. ಅವನು ತಳ ಮುಟ್ಟಿ ಮೇಲೆ ಬಂದ ಮೇಲೆಯೇ ಉಳಿದವರು ಆ ಹಗ್ಗವನ್ನು ಮುಟ್ಟುವುದು. ಪ್ರಾಣದ ಆಸೆ ಯಾರಿಗಿಲ್ಲ? ಹಾಗಾಗಿ ಆ ಊರಿನಲ್ಲಿ ಕೆಟ್ಟ ಹಗ್ಗ ಹುಟ್ಟುತ್ತಿರಲಿಲ್ಲ.

ಒಂದು ವರ್ಷ ದೊಡ್ಡ ಬಾವಿಯೊಂದಕ್ಕೆ ಉದ್ದನೆಯ ಹಗ್ಗ ಬೇಕಾಯಿತು. ನಾಲ್ಕು ಮಾರು ಉದ್ದಕ್ಕೆ ನಾರು ಸಾಲದೆ ಹೋಯಿತು. ಇನ್ನೊಮ್ಮೆ ಕತ್ತಾಳೆ ನೆನೆಹಾಕಿದರೆ ಹದಿನೈದು ದಿನ. ರಾಯಪ್ಪ ಅಷ್ಟು ದಿನ ಕಾಯಲಿಲ್ಲ. ಹಳೆಯ ಹಗ್ಗವೊಂದನ್ನು ಬಿಚ್ಚಿ ಅದರ ಎಳೆಗಳನ್ನು ಒಳಗಿಟ್ಟ, ಹೊಸ ನಾರನ್ನು ಮೇಲೆ ಸುತ್ತಿದ. ನೋಡುವವರ ಕಣ್ಣಿಗೆ ಎಲ್ಲವೂ ಒಂದೇ. ತಡೆಯುತ್ತದೆ ಎಂದೇ ಅವನು ನಂಬಿದ್ದ. ಆದರೆ ಇಳಿಯುವ ದಿನ ಬೆಳಿಗ್ಗೆ ಬಾವಿಯ ಅಂಚಿಗೆ ಬಂದಾಗ ಅವನ ಕಾಲು ಮುಂದಕ್ಕೆ ಹೋಗಲಿಲ್ಲ. ಮೊಣಕಾಲು ನೋವು ಎಂದ. ಮೊಣಕಾಲು ಚೆನ್ನಾಗಿಯೇ ಇತ್ತು.

ಜೊತೆಗೆ ಬಂದಿದ್ದವನು ಚೌರಪ್ಪ ಒಬ್ಬನೇ, ಬಾವಿ ತೋಡುವವನು, ಅವನ ಬಾಲ್ಯದ ಗೆಳೆಯ. “ನಿನ್ನ ಹಗ್ಗಕ್ಕೆ ಪರೀಕ್ಷೆ ಬೇರೆ ಕೇಡು. ನೀನು ಕೂತಿರು, ನಾನು ಇಳೀತೀನಿ” ಎಂದು ನಗುತ್ತ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಬೇಡ ಎಂದು ಹೇಳಲು ರಾಯಪ್ಪನಿಗೆ ಸಮಯವಿತ್ತು, ಅವನು ಹೇಳಲಿಲ್ಲ. ಅರ್ಧ ದೂರದಲ್ಲಿ ಹಗ್ಗ ಹರಿಯಿತು. ತಳದಲ್ಲಿದ್ದದ್ದು ಬಂಡೆ.

ತಪ್ಪು ಅಷ್ಟಕ್ಕೇ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಜನರನ್ನು ಕೂಗುವ ಮೊದಲು ರಾಯಪ್ಪ ಹರಿದ ಹಗ್ಗವನ್ನು ಮೇಲೆಳೆದು ಪೊದೆಯಲ್ಲಿ ಅಡಗಿಸಿದ. ಬಾವಿಯ ಅಂಚಿನ ಕಂಬಕ್ಕೆ ಬೇರೆ ಹಗ್ಗ ಕಟ್ಟಿದ. ಶವ ತರಲು ಇಳಿದವನೂ ಅವನೇ. ಗೆಳೆಯನ ಸೊಂಟದಲ್ಲಿದ್ದ ತುಂಡನ್ನು ಬಿಚ್ಚಿ ಬಂಡೆಯ ಪಕ್ಕದ ಕೆಸರಿಗೆ ತುಳಿದ. ಮೇಲೆ ಬಂದ ಮೇಲೆ ಜನ ಏನಾಯಿತು ಎಂದು ಕೇಳಿದರು. “ಹಗ್ಗ ಅವನನ್ನು ಬಿಡಲಿಲ್ಲ, ಅವನ ಕೈಯೇ ಹಗ್ಗವನ್ನು ಬಿಟ್ಟಿತು” ಎಂದ. ಅಷ್ಟೇ ಹೇಳಿದ. ಉಳಿದದ್ದನ್ನು ಊರೇ ಹೇಳಿಕೊಂಡಿತು, ಏಕೆಂದರೆ ಚೌರಪ್ಪ ಒಂದು ಕಾಲದ ಕುಡುಕ. ಅವನು ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ದಿನ ಹೆಂಡತಿಯ ಎದುರಿಗೆ ಶಿಲುಬೆ ಮುಟ್ಟಿ ಬಿಟ್ಟಿದ್ದ.

ಹೆಂಡತಿ ಜ್ಞಾನಮ್ಮ ಶವದ ಮುಂದೆ ಅಳಲಿಲ್ಲ. “ಶಿಲುಬೆ ಮುಟ್ಟಿ ಕೊಟ್ಟ ಮಾತನ್ನೂ ಕುಡಿದುಬಿಟ್ಟರಲ್ಲ” ಎಂದಳು. ಮಣ್ಣಾದ ಮೇಲೆ ಆ ಸಮಾಧಿಯ ಕಡೆ ತಿರುಗಿ ನೋಡಲಿಲ್ಲ. ದೇವಾಲಯದಲ್ಲಿ ಎಲ್ಲರಿಗಿಂತ ಹಿಂದೆ ಕೂರುತ್ತಿದ್ದಳು. ಗಂಡನ ಹೆಸರಿನಲ್ಲಿ ಒಂದು ಪೂಜೆಯನ್ನೂ ಹೇಳಿಸಲಿಲ್ಲ.

ರಾಯಪ್ಪನಿಗೆ ಅನ್ನ ಸೇರದಾಯಿತು. ತಿಂಗಳು ಕಳೆಯುವುದರೊಳಗೆ ದೇವಾಲಯದ ಸ್ವಾಮಿಗಳ ಬಳಿ ಹೋಗಿ ಮೊಣಕಾಲೂರಿ ಎಲ್ಲವನ್ನೂ ಹೇಳಿ ಅತ್ತ. ಅದು ಕಳ್ಳ ಅಳುವಲ್ಲ, ನಿಜವಾದ ಅಳು. ಸ್ವಾಮಿಗಳು, “ದೇವರು ನಿನ್ನನ್ನು ಕ್ಷಮಿಸಿದ್ದಾನೆ. ಎದ್ದು ಆ ಹೆಂಗಸಿನ ಮನೆಗೆ ಹೋಗು” ಎಂದರು. ಮನುಷ್ಯನ ಕಿವಿ ತನಗೆ ಬೇಕಾದಷ್ಟನ್ನೇ ಕೇಳುತ್ತದೆ. ರಾಯಪ್ಪನಿಗೆ ಮೊದಲ ಮಾತು ಕೇಳಿಸಿತು, ಎರಡನೆಯದನ್ನು ನಾಳೆಗೆ ಇಟ್ಟುಕೊಂಡ.

ಆ ನಾಳೆ ಏಳು ವರ್ಷ ಬರಲಿಲ್ಲ. ಅವನು ಬೇರೆ ಎಲ್ಲವನ್ನೂ ಮಾಡಿದ. ಉಪವಾಸವಿದ್ದ. ಶುಭ ಶುಕ್ರವಾರದಂದು ಮರದ ಶಿಲುಬೆ ಹೊತ್ತು ಬರಿಗಾಲಿನಲ್ಲಿ ಗುಡ್ಡ ಹತ್ತಿದ. ನವೆಂಬರಿನಲ್ಲಿ, ಸತ್ತವರ ದಿನ, ಊರಿನವರೆಲ್ಲ ತಮ್ಮವರ ಸಮಾಧಿಗೆ ಸುಣ್ಣ ಬಳಿದು ಹೂವಿಡುವಾಗ, ಚೌರಪ್ಪನ ಬೋಳು ಸಮಾಧಿಯ ಮೇಲೆ ತಾನೇ ಒಂದು ಮೇಣದ ಬತ್ತಿ ಹಚ್ಚಿದ. ಹೆಂಡತಿಯೇ ಕೈಬಿಟ್ಟವನನ್ನು ಗೆಳೆಯ ಬಿಡಲಿಲ್ಲ ಎಂದು ಜನ ಹೊಗಳಿದರು. ಹೊಗಳಿದಾಗ ಅವನು ತಲೆ ತಗ್ಗಿಸುತ್ತಿದ್ದ. ಅದನ್ನೂ ಜನ ವಿನಯ ಎಂದುಕೊಂಡರು. ಗುಡ್ಡ ಹತ್ತಿದ ಕಾಲಿಗೆ ಹತ್ತು ಮನೆ ಆಚೆಗಿದ್ದ ಹೊಸ್ತಿಲು ಮಾತ್ರ ದೂರವಾಗಿತ್ತು.

ಏಳನೆಯ ವರ್ಷ ಅದೇ ಸತ್ತವರ ದಿನ, ಜ್ಞಾನಮ್ಮ ತನ್ನ ತಾಯಿಯ ಸಮಾಧಿಗೆಂದು ಬುಟ್ಟಿಯಲ್ಲಿ ಚೆಂಡುಹೂವು ತಂದಳು. ದಾರಿ ಇಕ್ಕಟ್ಟು. ಗಂಡನ ಸಮಾಧಿಯ ಪಕ್ಕದಲ್ಲಿ ಹಾದುಹೋಗುವಾಗ ಬುಟ್ಟಿಯಿಂದ ಒಂದು ಹೂವು ಜಾರಿ ಅದರ ಮೇಲೆ ಬಿತ್ತು. ಅವಳು ನಿಂತಳು. ಬಗ್ಗಿ ಆ ಹೂವನ್ನು ಎತ್ತಿ ಮತ್ತೆ ಬುಟ್ಟಿಗೆ ಹಾಕಿಕೊಂಡು ಮುಂದೆ ಹೋದಳು.

ಕೈಯಲ್ಲಿ ಮೇಣದ ಬತ್ತಿ ಹಿಡಿದು ನಿಂತಿದ್ದ ರಾಯಪ್ಪ ಇದನ್ನು ನೋಡಿದ. ಹರಿದ ಹಗ್ಗವನ್ನು ಕಂಡಾಗಲೂ ಅವನಿಗೆ ಅಷ್ಟು ಭಯವಾಗಿರಲಿಲ್ಲ. ತಾನು ಕೊಂದದ್ದು ಒಂದು ಸಲವಲ್ಲ ಎಂದು ಆಗ ತಿಳಿಯಿತು.

ಅವಳು ಮನೆಗೆ ಬಂದು ರಾಗಿ ಕೇರಲು ಕೂತಿದ್ದಳು. ರಾಯಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ. ಹಳೆಯ ಎಳೆ, ಮೊಣಕಾಲಿನ ಸುಳ್ಳು, ಕೆಸರಿಗೆ ತುಳಿದ ತುಂಡು, ಯಾವುದನ್ನೂ ಬಿಡಲಿಲ್ಲ. ಅವಳ ಕೈಯಲ್ಲಿ ಮೊರ ನಿಂತಿತು.

“ಹಾಗಾದ್ರೆ ಅವತ್ತು ಅವರು ಕುಡಿದಿರ್ಲಿಲ್ವಾ?”

“ಇಲ್ಲ ಕಣಮ್ಮ. ನೀನು ಕಳಿಸಿದ್ದ ಅಂಬಲಿ ಕುಡಿದಿದ್ದ. ನನಗೂ ಅರ್ಧ ಕೊಟ್ಟಿದ್ದ.”

ರಾಯಪ್ಪ ಹೊಸ್ತಿಲಿನ ಹೊರಗೆ ಮೊಣಕಾಲೂರಿ, “ನನ್ನನ್ನು ಕ್ಷಮಿಸು” ಎಂದ.

“ನಿನ್ನ ಮಾತು ಆಮೇಲೆ. ಮೊದಲು ನಾನು ಹೋಗಿ ಅವರ ಹತ್ರ ಕ್ಷಮೆ ಕೇಳ್ಬೇಕು” ಎಂದಳು.

ಮೊರವನ್ನು ಕೆಳಗಿಟ್ಟು ಎದ್ದಳು. ಕೈಯ ಹೊಟ್ಟನ್ನೂ ಕೊಡವದೆ, ಅವನನ್ನು ದಾಟಿಕೊಂಡು ಸಮಾಧಿಯ ಕಡೆಗೆ ನಡೆದಳು. ಏಳು ವರ್ಷದ ಅಳುವನ್ನು ಅವಳು ಆ ದಿನ ಅತ್ತಳು. ಆ ಅಳು ಅರ್ಧ ಊರಿಗೆ ಕೇಳಿಸಿತು. ಯಾರೂ ಹತ್ತಿರ ಹೋಗಲಿಲ್ಲ. ಮುಂದಿನ ಭಾನುವಾರ ರಾಯಪ್ಪ ಪೂಜೆ ಮುಗಿದ ಮೇಲೆ ಸಭೆಯ ಮುಂದೆ ನಿಂತು ಅದನ್ನೇ ಹೇಳಿದ. ಆಮೇಲೆ ಅವನ ಹಗ್ಗವನ್ನು ಯಾರೂ ಕೊಳ್ಳಲಿಲ್ಲ. ಅವನು ಬಾವಿಯ ಮಣ್ಣು ಹೊತ್ತು ಬದುಕಿದ. ಆದರೆ ಅನ್ನ ಸೇರಿತು.

ಗುರುವು ಕತೆ ನಿಲ್ಲಿಸಿದನು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಹಾಗಾದರೆ ಮೊದಲೇ ಸ್ವಾಮಿಗಳ ಬಾಯಿಂದ ಬಂದ ಕ್ಷಮೆ ಸುಳ್ಳೇ, ಗುರುಗಳೇ?” ಎಂದು ಕೇಳಿದನು.

“ಸುಳ್ಳಲ್ಲಪ್ಪ, ಅವನ ಪಾಪವನ್ನು ಕ್ರಿಸ್ತನು ಹೊತ್ತನು, ಆದರೆ ಅವನ ಸುಳ್ಳನ್ನು ಏಳು ವರ್ಷ ಹೊತ್ತವಳು ಆ ಹೆಂಗಸು, ನಿನ್ನದನ್ನು ಯಾರು ಹೊತ್ತಿದ್ದಾರೋ ಹೋಗಿ ನೋಡು.”