ಲಾಭವಿಲ್ಲದ ಸುಳ್ಳು

"ಒಬ್ಬ ಜವಳಿ ವರ್ತಕ ತುಂಬಿದ ಸಂತೆಯ ನಡುವೆ ನಿಂತು ಒಂದು ದೊಡ್ಡ ಸುಳ್ಳು ಹೇಳಲೆಂದು ಬಾಯಿ ತೆರೆದ. ಆಮೇಲೆ ಏನಾಯಿತು, ಊಹಿಸು ನೋಡೋಣ," ಎಂದರು ಗುರುಗಳು.

ಶಿಷ್ಯ ಕೇಳಿದ್ದೇ ಬೇರೆ. ಗುರುಗಳು ಅವನ ಎರಡೂ ಕೈಗಳಿಗೆ ಒಂದು ಲಡಿ ನೂಲನ್ನು ತೊಡಿಸಿ, ಎದುರಿಗೆ ಕೂತು ಉಂಡೆ ಸುತ್ತುತ್ತಿದ್ದರು. ಅವನು ಕೈ ಇಳಿಸುವಂತಿಲ್ಲ, ಎದ್ದು ಹೋಗುವಂತಿಲ್ಲ, ಮೂಗಿನ ಮೇಲೆ ನೊಣ ಕೂತರೂ ಓಡಿಸುವಂತಿಲ್ಲ. ತೋಳು ಸೋತಾಗ ಕೇಳಿಯೇ ಬಿಟ್ಟಿದ್ದ: "ಗುರುಗಳೇ, ಪೇಟೆಯಲ್ಲಿ ಬೇಕಾದ ಬಣ್ಣದ ನೂಲು ಸಿಗುತ್ತದೆ. ಹೆಣೆದು ಮುಗಿಸಿದ ಟೋಪಿಯೇ ಸಿಗುತ್ತದೆ. ಮನೆಯಲ್ಲಿ ಕೂತು ನೂತು, ಬಣ್ಣ ಹಾಕಿ, ಹೆಣೆದರೆ ಬರುವುದಾದರೂ ಏನು?"

ಈಗ ಅವನು, "ಊಹಿಸಲಾರೆ," ಎಂದ.

"ಹಾಗಾದರೆ ಕೈ ನೆಟ್ಟಗೆ ಹಿಡಿದು ಕೇಳು," ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಬಟ್ಟೆಯನ್ನು ಕಣ್ಣಿನಲ್ಲೇ ಅಳೆಯುತ್ತಿದ್ದ, ಗಿರಾಕಿಯನ್ನೂ ಹಾಗೆಯೇ. ಅವನಿಗೆ ಒಬ್ಬಳೇ ಮಗಳು. ಮದುವೆಯಾಗಿ ಹೋಗಿದ್ದವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಂದ ಸಂಜೆಯೇ ವರ್ತಕ ಕೇಳಿದ: "ಕೂಸಿಗೆ ಏನೇನು ಬೇಕು ಹೇಳು. ಅಂಗಡಿಯಿಂದ ತರಿಸುತ್ತೇನೆ."

"ಅಪ್ಪಾ, ನನ್ನ ಲಂಗಗಳೆಲ್ಲ ಥಾನಿನ ಕೊನೆಯಲ್ಲಿ ಉಳಿದ ತುಂಡಿನವು," ಎಂದಳು ಮಗಳು. "ಹಬ್ಬಕ್ಕೆ ನೀನು ತರುತ್ತಿದ್ದದ್ದು ಯಾರಿಗೂ ಬೇಡವಾದ ಬಣ್ಣ. ನಾನು ಒಂದು ದಿನವೂ ಏನೂ ಅಂದವಳಲ್ಲ. ನನ್ನ ಕೂಸಿಗೆ ಮಾತ್ರ ಅಂಗಡಿಯದು ಬೇಡ. ಹೆಸರಿಡುವ ದಿನ ಅದರ ತಲೆಗೆ ಒಂದು ಕುಲಾವಿ ಬೇಕು. ಅಗಸೆ ಹೂವಿನ ನೀಲಿ. ನೀನೇ ಕೈಯಾರೆ ಮಾಡಿದ್ದು."

"ನನಗೆ ಮಾರುವುದಷ್ಟೇ ಬರುತ್ತದೆ, ಮಗಳೇ."

"ಅದು ಗೊತ್ತು," ಎಂದಳು ಮಗಳು.

ನಗುತ್ತಲೇ ಅಂದಿದ್ದಳು. ಆದರೆ ಆ ಮಾತು ಅವನ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ಕೂಸು ದೊಡ್ಡದಾಗಿ, ನಿನ್ನ ಅಪ್ಪ ಎಂಥವನು ಎಂದು ಕೇಳಿದರೆ ಇವಳು ಇದನ್ನೇ ಹೇಳುತ್ತಾಳಲ್ಲ ಎನ್ನಿಸಿತು. ಮರುದಿನವೇ ಕುರಿಗಾರನ ಹತ್ತಿರ ಹೋಗಿ ಮರಿಯ ಮೊದಲ ಕತ್ತರಿಯ ಉಣ್ಣೆ ತಂದ. ಬೆಣ್ಣೆಯಂಥ ಬಿಳಿ ಉಣ್ಣೆ. ಒಂದು ಕದಿರು ತಂದ. ಪಡಸಾಲೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತ.

ಆ ಮೊದಲ ದಿನಗಳ ಗೋಳನ್ನು ಏನೆಂದು ಹೇಳಲಿ. ಹಿಂಜಲು ಕೂತರೆ ಉಣ್ಣೆ ಮೀಸೆಗೆ, ಹುಬ್ಬಿಗೆ, ಊಟದ ತಟ್ಟೆಗೆ. ಕದಿರು ತಿರುವಿದರೆ ಎಳೆ ಒಂದು ಕಡೆ ಹಗ್ಗದಷ್ಟು ದಪ್ಪ, ಇನ್ನೊಂದು ಕಡೆ ಜೇಡರ ಬಲೆಯಷ್ಟು ತೆಳು. ಹರಿಯಿತು, ಕಟ್ಟಿದ. ಮತ್ತೆ ಹರಿಯಿತು, ಮತ್ತೆ ಕಟ್ಟಿದ. ಹೆಂಡತಿ ಒಳಗೆ ಹಿಟ್ಟು ನಾದುತ್ತ, "ಗಿರಾಕಿಯನ್ನು ಜಗ್ಗಿದ ಹಾಗೆ ಜಗ್ಗಬೇಡಿ, ಅದು ಉಣ್ಣೆ," ಎಂದಳು.

ಆಮೇಲೆ ಒಂದು ಬೆಳಿಗ್ಗೆ, ಏನು ಮಾಡಿದನೆಂದು ಅವನಿಗೂ ತಿಳಿಯದು, ಬಲಗೈ ಕದಿರು ತಿರುವಿತು, ಎಡಗೈ ತಾನಾಗಿ ಸಡಿಲ ಬಿಟ್ಟಿತು. ಹುರಿ ಬೆರಳ ಸಂದಿಗೆ ಸರಸರನೆ ಏರಿ ಬಂತು. ಆಗತಾನೇ ಮೋಡದ ಹಾಗೆ ಇದ್ದದ್ದು ನೋಡುನೋಡುತ್ತಿದ್ದಂತೆ ಎಳೆಯಾಗಿ ಇಳಿಯಿತು, ಇಳಿಯುತ್ತಲೇ ಹೋಯಿತು. ಕದಿರು ನೆಲ ಮುಟ್ಟುವವರೆಗೂ ಹರಿಯಲಿಲ್ಲ. ಅಲ್ಲಿಯವರೆಗೂ ಅವನು ಉಸಿರು ಬಿಟ್ಟಿರಲಿಲ್ಲ.

"ಏ ಇವಳೇ, ಬಾ ಇಲ್ಲಿ, ಬೇಗ ಬಾ," ಎಂದು ಕೂಗಿದ.

ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಚೇಳು ಕಡಿಯಿತೆಂದುಕೊಂಡು. ಎಳೆಯನ್ನು ನೋಡಿದಳು, ಗಂಡನ ಮುಖ ನೋಡಿದಳು. "ಮದುವೆಯ ದಿನವೂ ನೀವು ಹೀಗೆ ಹಲ್ಲು ಬಿಟ್ಟಿರಲಿಲ್ಲ," ಎಂದು ಒಳಗೆ ಹೋದಳು.

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಒಂದಿಷ್ಟು ನೂಲು, ಊಟಕ್ಕೆ ಬಂದಾಗ ಒಂದಿಷ್ಟು. ಹೆಣಿಗೆ ಕಲಿಸಿದವಳು ಹೆಂಡತಿ. ಅವನು ಹೆಣೆಯುತ್ತಿದ್ದ, ಅವಳು ಬಿಚ್ಚುತ್ತಿದ್ದಳು. ಆಮೇಲೆ ಬಣ್ಣದ ಹುಚ್ಚು ಹಿಡಿಯಿತು. ಈರುಳ್ಳಿ ಸಿಪ್ಪೆ ಕುದಿಸಿದರೆ ಜೇನಿನ ಬಣ್ಣ ಬಂತು. ಅಡುಗೆಮನೆಯ ಕಸದಲ್ಲಿ ಇಷ್ಟು ದಿನ ಇಂಥದ್ದು ಅಡಗಿತ್ತೇ ಎಂದು ಬೆರಗಾದ. ದಾಳಿಂಬೆ ಸಿಪ್ಪೆ ಹಾಕಿದ. ಅರಿಶಿನ ಹಾಕಿದ. ಸಾರಿನ ಪಾತ್ರೆಯಲ್ಲಿ ಮಂಜಿಷ್ಠದ ಬೇರು ಕುದಿಸಿದ. ಮರುದಿನ ಮನೆಮಂದಿಯೆಲ್ಲ ಕೆಂಪು ಸಾರು ಉಂಡರು. ಬಸುರಿ ಮಗಳು ಊಟ ಬಿಟ್ಟು ನಗುತ್ತಿದ್ದಳು. ಒದ್ದೆ ಲಡಿಗಳು ಹಿತ್ತಲ ಹಗ್ಗದ ಮೇಲೆ ಸಾಲಾಗಿ ತೂಗುವಾಗ ಅವನು ಅವುಗಳ ಕೆಳಗೆ ನಿಂತು, ತಲೆಯ ಮೇಲೆ ಬಣ್ಣದ ಹನಿ ಬಿದ್ದರೂ ಕದಲುತ್ತಿರಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಬುಧವಾರ ಹೆಸರಿಡುವುದೆಂದು ಗೊತ್ತಾಯಿತು. ಎಲ್ಲ ಬಣ್ಣವೂ ಕೈಗೆ ಬಂದಿತ್ತು, ನೀಲಿಯೊಂದು ಬಿಟ್ಟು.

ನೀಲಿ ಉಳಿದ ಬಣ್ಣಗಳ ಹಾಗಲ್ಲ. ಅದನ್ನು ಕುದಿಸಿದರೆ ಬರುವುದಿಲ್ಲ, ಹುಳಿಸಬೇಕು. ಪಕ್ಕದ ಓಣಿಯಲ್ಲಿ ಬಣ್ಣಗಾರರ ಮನೆಯ ಸಂಕವ್ವ ಎಂಬ ಮುದುಕಿಯಿದ್ದಳು. ಅವಳು ಹೇಳಿದಂತೆ ವರ್ತಕ ಹಿತ್ತಲಲ್ಲಿ ಮಣ್ಣಿನ ಬಾನಿಯೊಂದನ್ನು ಹೂಳಿ, ನೀಲಿಯ ಉಂಡೆ ಅರೆದು ಹಾಕಿ, ಸುಣ್ಣದ ತಿಳಿ, ಬೆಲ್ಲ, ಬೇಯಿಸಿದ ತಗಚೆ ಬೀಜ ಬೆರೆಸಿ ಮುಚ್ಚಿದ್ದ. ಒಳಗಿನ ನೀರು ಹಸಿರು ತಿರುಗಬೇಕು, ಮೇಲೆ ತಾಮ್ರದ ಕೆನೆ ಕಟ್ಟಬೇಕು. ಆಗ ಮಾತ್ರ ನೂಲಿಗೆ ಬಣ್ಣ ಹಿಡಿಯುತ್ತದೆ. ಅವನ ಬಾನಿಯಲ್ಲಿದ್ದದ್ದು ಕೆಸರಿನಂಥ ನೀರು. ಬೆಳಿಗ್ಗೆ ಎದ್ದು ಮುಚ್ಚಳ ತೆಗೆದು ಕದಡಿ ನೋಡುತ್ತಿದ್ದ. ಹಲ್ಲುಜ್ಜಿ ಬಂದು ನೋಡುತ್ತಿದ್ದ. ಉಂಡು ಕೈತೊಳೆದು ನೋಡುತ್ತಿದ್ದ. ಒಂದೆಳೆ ಅದ್ದಿದರೆ ಮೊಣಕೈವರೆಗೆ ಅವನೇ ನೀಲಿಯಾದ, ಎಳೆ ತೊಳೆದ ಕೂಡಲೇ ಬೆಳ್ಳಗಾಯಿತು.

ಹೀಗೇ ಸೋಮವಾರ ಬಂತು. ಬುಧವಾರಕ್ಕೆ ಕುಲಾವಿ ಬೇಕು. ನೂಲು ಇನ್ನೂ ಬಿಳಿ. ಬೇರೆ ದಾರಿ ಕಾಣದೆ ಸಂಕವ್ವನನ್ನು ಕರೆತಂದ.

ಮುದುಕಿ ಬಗ್ಗಿ ಮೂಸಿ ನೋಡಿದಳು. "ಬಾನಿ ಮುನಿದಿದೆ, ಸಾವಕಾರ್ರೆ."

"ಮುನಿಸು ಇಳಿಯಲು ಏನು ಮಾಡಬೇಕು, ಅವ್ವಾ? ಹೇಳು, ಮಾಡುತ್ತೇನೆ."

"ನಮ್ಮ ಹಿರಿಯರು ಒಂದು ದಾರಿ ಮಾಡಿಟ್ಟಿದ್ದಾರೆ. ಮುಚ್ಚಳ ಹಾಕಿ, ಮೇಲೆ ಕಂಬಳಿ ಹೊದಿಸಿ, ಸಂತೆಗೆ ಹೋಗಿ ಒಂದು ಸುಳ್ಳು ಹೇಳಬೇಕು. ಸಣ್ಣದಲ್ಲ, ಊರೆಲ್ಲ ಸುತ್ತುವಂಥದ್ದು. ಅದು ಬೇರೆಯವರ ಬಾಯಿಂದ ತಿರುಗಿ ನಿಮ್ಮ ಕಿವಿಗೇ ಬೀಳಬೇಕು. ಬೀಳುವ ತನಕ ಮನೆಗೆ ಬರುವಂತಿಲ್ಲ, ಮುಚ್ಚಳ ಮುಟ್ಟುವಂತಿಲ್ಲ."

ವರ್ತಕನ ಮುಖ ಅರಳಿತು. "ಇಷ್ಟೇನೇ? ನನಗೆ ಸುಳ್ಳಿಗೆ ಬರವೇ?"

"ತಡೀರಿ, ನಿಮ್ಮ ಅಂಗಡಿ ಸುಳ್ಳು ಇಲ್ಲಿ ನಡೆಯೋದಿಲ್ಲ," ಎಂದಳು ಸಂಕವ್ವ. "ಹೇಳಿದವನಿಗೆ ಅದರಿಂದ ಕಾಸಿನ ಲಾಭವೂ ಆಗಬಾರದು. ಆಯಿತೋ, ಬಾನಿ ಸತ್ತ ಹಾಗೆಯೇ."

ವರ್ತಕ ಸಂತೆಗೆ ಹೋದ. ಕಾಲಿಡಲು ಜಾಗವಿಲ್ಲದಷ್ಟು ಜನ. ಒಂದು ಕಲ್ಲಿನ ಮೇಲೆ ನಿಂತು ಬಾಯಿ ತೆರೆದ. 'ರಾಜಧಾನಿಯಲ್ಲಿ ಬಿಳಿ ಬಟ್ಟೆ ಉಡಬಾರದೆಂದು ಆಜ್ಞೆಯಾಗಿದೆ' ಎನ್ನಬೇಕೆಂದಿದ್ದ. ನಾಲಿಗೆಯ ತುದಿಗೆ ಬಂದಾಗ ಹೊಳೆಯಿತು: ಇದನ್ನು ನಂಬಿದವರೆಲ್ಲ ಬಣ್ಣದ ಬಟ್ಟೆಗೆ ನನ್ನ ಅಂಗಡಿಗೇ ಬರುತ್ತಾರೆ. ಬಾಯಿ ಮುಚ್ಚಿದ.

ನಾಲ್ಕು ಹೆಜ್ಜೆ ಹೋಗಿ ಯೋಚಿಸಿದ. 'ಹೊಳೆಯಲ್ಲಿ ಮೊಸಳೆ ಬಂದಿದೆ.' ಚೆನ್ನಾಗಿದೆ. ಆದರೆ ಮೊಸಳೆಗೆ ಹೆದರಿ ಯಾರೂ ಬಟ್ಟೆ ಒಗೆಯುವುದಿಲ್ಲ. ಒಗೆಯದಿದ್ದರೆ ಹೊಸದು ಬೇಕು. ಹೊಸದು ಬೇಕೆಂದರೆ ಮತ್ತೆ ನನ್ನ ಅಂಗಡಿ. 'ನಾನು ಅಂಗಡಿ ಮುಚ್ಚುತ್ತಿದ್ದೇನೆ' ಎಂದರೆ? ಅಯ್ಯೋ, ಕಡಿಮೆಗೆ ಸಿಗುತ್ತದೆಂದು ಜಾತ್ರೆಯೇ ನೆರೆಯುತ್ತದೆ. ಯಾವ ಸುಳ್ಳನ್ನು ಎತ್ತಿದರೂ ಕಲ್ಲಿನ ಕೆಳಗೆ ಚೇಳು ಕೂತ ಹಾಗೆ ಅದರಡಿ ಒಂದು ಲಾಭ ಕೂತಿರುತ್ತಿತ್ತು. ಇಷ್ಟು ವರ್ಷ ಆ ಚೇಳನ್ನು ಹುಡುಕಿ ಹುಡುಕಿ ಹಿಡಿದವನು ಅವನೇ. ಇವತ್ತು ಚೇಳಿಲ್ಲದ ಕಲ್ಲು ಒಂದೂ ಸಿಗದೆ ಸಂತೆಯಲ್ಲಿ ತಿರುಗಿದ. ಬಿಸಿಲು ನೆತ್ತಿಗೆ ಬಂತು. ಸೋತು ಎಲೆ ಅಡಿಕೆಯ ದ್ಯಾಮಣ್ಣನ ಕಟ್ಟೆಯ ಮೇಲೆ ಕುಸಿದು ಕೂತ.

"ಏನು ಸಾವಕಾರ್ರೆ, ಕೈಯೆಲ್ಲ ನೀಲಿ?" ಎಂದ ದ್ಯಾಮಣ್ಣ. "ಥಾನು ಬಣ್ಣ ಬಿಟ್ಟಿತೋ?"

ವರ್ತಕನಿಗೆ ಸುಳ್ಳು ಹುಡುಕುವ ಶಕ್ತಿ ಉಳಿದಿರಲಿಲ್ಲ. "ಥಾನು ಅಲ್ಲ ಮಾರಾಯ, ನೂಲು. ನಾನೇ ನೂತದ್ದು," ಎಂದ. ಅಷ್ಟು ಹೇಳಿದ್ದೇ ತಡ, ಕಟ್ಟೆ ಒಡೆದ ಕೆರೆಯಾದ. ಹುರಿ ಬೆರಳಿಗೆ ಏರಿ ಬಂದ ಬೆಳಿಗ್ಗೆಯನ್ನು ಹೇಳಿದ. ಈರುಳ್ಳಿ ಸಿಪ್ಪೆಯೊಳಗಿನ ಜೇನನ್ನು ಹೇಳಿದ. ಎದ್ದು ನಿಂತು, ಇಲ್ಲದ ಕದಿರನ್ನು ಬೆರಳಲ್ಲಿ ತಿರುವಿ ತೋರಿಸಿದ. ಮೊಮ್ಮಗಳಿಗೆ ಕುಲಾವಿ ಹೆಣೆಯುತ್ತೇನೆ, ಅದು ಮಾರಾಟಕ್ಕಲ್ಲ, ಅದಕ್ಕೆ ಎಷ್ಟು ಬಿತ್ತೆಂದು ಲೆಕ್ಕವನ್ನೇ ಇಟ್ಟಿಲ್ಲ, ಹುಟ್ಟಿದಾಗಿನಿಂದ ಇಷ್ಟು ಸುಖ ಕಂಡಿಲ್ಲ ಎಂದ.

ದ್ಯಾಮಣ್ಣ ಕತ್ತರಿಸುತ್ತಿದ್ದ ಅಡಿಕೆ ಕೈಯಿಂದ ಜಾರಿತು. ಕಟ್ಟೆಯ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಗೆ ಎದ್ದಿತು ನೋಡು, ಕಟ್ಟಿದ ಎತ್ತುಗಳು ಬೆದರಿದವು. "ಲೆಕ್ಕ ಇಟ್ಟಿಲ್ಲವಂತೆ," ಎಂದ ಒಬ್ಬ. "ಇವನು ಸುಖದಲ್ಲಿದ್ದಾನಂತೆ," ಎಂದ ಇನ್ನೊಬ್ಬ. ಅವರು ಹೊಟ್ಟೆ ಹಿಡಿದುಕೊಂಡು ಸಂತೆಯೊಳಗೆ ಚದುರಿದರು.

ವರ್ತಕ ಎದ್ದು, ಸಂತೆಯ ಆಚೆ ತುದಿಯ ಹುಣಸೆ ಮರದ ಕೆಳಗೆ ಒಬ್ಬನೇ ಹೋಗಿ ಕೂತ. ಬಾನಿಯ ಆಸೆ ಬಿಟ್ಟ. ಮಗಳ ಮುಂದೆ ಹೇಗೆ ನಿಲ್ಲುವುದೆಂದು ಯೋಚಿಸುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ನೆರಳು ಉದ್ದವಾಯಿತು. ಪರವೂರ ಬಳೆಗಾರನೊಬ್ಬ ಗಂಟು ಕಟ್ಟುತ್ತ, ಪರಿಚಯವಿಲ್ಲದ ಇವನನ್ನೇ ಕರೆದು ಹೇಳಿದ: "ಕೇಳಿದಿರೇನು? ಈ ಊರಿನ ಜವಳಿ ಸಾವಕಾರ ಕದಿರು ಹಿಡಿದು ನೂಲುತ್ತಾನಂತೆ. ಕೂಸಿಗೆ ತಾನೇ ಕುಲಾವಿ ಹೆಣೆಯುತ್ತಾನಂತೆ. ಅದೂ ಪುಕ್ಕಟೆ. ಬಳೆ ಮಾರಲು ಹತ್ತೂರು ತಿರುಗಿದ್ದೇನೆ, ಇಂಥ ಸುಳ್ಳು ಎಲ್ಲೂ ಕೇಳಿಲ್ಲ."

ವರ್ತಕ ಅವನನ್ನು ಒಂದು ಕ್ಷಣ ಪಿಳಿಪಿಳಿ ನೋಡಿದ. ಊರು ನಂಬದ ಮಾತು, ಊರೆಲ್ಲ ಸುತ್ತಿದ ಮಾತು, ಕಾಸಿನ ಲಾಭವಿಲ್ಲದ ಮಾತು ತನ್ನ ಕಿವಿಗೇ ಬಂದು ಬಿದ್ದಿತ್ತು. ಬಳೆಗಾರನ ಎರಡೂ ಕೈ ಹಿಡಿದು ಕುಲುಕಿ ಓಡಿದ. ಆ ವಯಸ್ಸಿನಲ್ಲಿ, ಆ ಹೊಟ್ಟೆ ಹೊತ್ತು, ಕಚ್ಚೆ ಜಾರಿದರೂ ನಿಲ್ಲದೆ ಓಡಿದ.

ಕಂಬಳಿ ಎಳೆದ, ಮುಚ್ಚಳ ತೆಗೆದ. ಮೇಲೆ ತಾಮ್ರದ ಕೆನೆ. ಕೆನೆ ಸರಿಸಿದರೆ ಕೆಳಗೆ ಗಿಳಿಯ ರೆಕ್ಕೆಯಂಥ ಹಸಿರು. ಲಡಿಯನ್ನು ಇಳಿಸಿ, ಹಿಡಿದು, ಮೆಲ್ಲಗೆ ಎತ್ತಿದ. ನೂಲು ಹಸಿರಾಗಿಯೇ ಬಂತು. ಗಾಳಿ ಸೋಕಿತು. ಅಂಚಿನಿಂದ ಒಂದು ನೀಲಿ ಹೊರಟು, ಎಳೆಯಿಂದ ಎಳೆಗೆ ಹರಿದು, ಅವನ ಕಣ್ಣೆದುರೇ ಇಡೀ ಲಡಿ ಅಗಸೆಯ ಹೊಲವಾಯಿತು. "ಬನ್ನಿ, ಎಲ್ಲರೂ ಬನ್ನಿ," ಎಂದು ಕರೆದ. ಹೆಂಡತಿ ಬಂದಳು, ಸಂಕವ್ವ ಬಂದಳು, ಬಾಣಂತಿ ಕಿಟಕಿಯಲ್ಲಿ ಮುಖ ಇಟ್ಟಳು. ಹೆಂಡತಿ ಈ ಸಲ ಒಳಗೆ ಹೋಗದೆ ಲಡಿಯ ಇನ್ನೊಂದು ತುದಿ ಹಿಡಿದಳು.

ಮಂಗಳವಾರ ಹೆಣೆದ. ಬುಧವಾರ ತೊಟ್ಟಿಲ ಮುಂದೆ ಮಗಳು ಕುಲಾವಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಒಂದು ಕಿವಿ ದೊಡ್ಡದು, ಒಂದು ಚಿಕ್ಕದು. ಒಂದು ಕಡೆ ನೀಲಿ ಗಾಢ, ಒಂದು ಕಡೆ ತಿಳಿ. ಬೆರಳಿನಿಂದ ಉಜ್ಜಿದಳು.

"ಅಪ್ಪಾ, ಇದು ಬಣ್ಣ ಬಿಡುತ್ತದೆ."

"ಬಿಡುತ್ತದೆ, ಮಗಳೇ," ಎಂದ ವರ್ತಕ. ಇಷ್ಟು ವರ್ಷ ಬಟ್ಟೆ ಮಾರಿದವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಮಗಳು ಕೂಸಿನ ತಲೆಗೆ ಕುಲಾವಿ ತೊಡಿಸಿ ಕಿವಿಯಲ್ಲಿ ಹೆಸರು ಹೇಳಿದಳು. ಆಮೇಲೆ, "ಇದನ್ನು ಯಾರು ಮಾಡಿದ್ದು ಗೊತ್ತೇನೇ?" ಎಂದು ಅದಕ್ಕೆ ಹೇಳುತ್ತ ಹೋದಳು. ವರ್ತಕ ಕಂಬದ ಮರೆಗೆ ಸರಿದು ನಿಂತು ಕೇಳಿದ.

ಗುರುಗಳು ಉಂಡೆ ಸುತ್ತುವುದನ್ನು ನಿಲ್ಲಿಸಿದರು.

"ಬಾನಿ ತಿರುಗಿದ್ದು ಸುಳ್ಳಿನಿಂದಲೋ ನಿಜದಿಂದಲೋ?" ಎಂದು ಶಿಷ್ಯ ಕೇಳಿದ.

"ಮುಚ್ಚಳ ಮುಟ್ಟದೆ ಒಂದು ಹಗಲು ಬಿಟ್ಟದ್ದರಿಂದ. ಬಣ್ಣಗಾರರ ಹಿರಿಯರು ಜಾಣರು. ಹುಚ್ಚು ಹತ್ತಿದವನನ್ನು ಮನೆಯಿಂದ ಆಚೆ ಕಳಿಸಲು ಅವರಿಗೆ ಒಂದು ನೆಪ ಬೇಕಿತ್ತು."

"ಅದಿರಲಿ ಗುರುಗಳೇ. ಅಷ್ಟೆಲ್ಲ ಪಾಡುಪಟ್ಟ ಆ ವರ್ತಕನಿಗೆ ಕೊನೆಗೆ ಬಂದದ್ದೇನು?"

ಅದಕ್ಕೆ ಗುರುಗಳು ಕೊಟ್ಟ ಉತ್ತರ ಒಂದೇ ಸಾಲು. ಅದನ್ನು ಕೇಳಿದ ಶಿಷ್ಯ ಇಳಿಯುತ್ತಿದ್ದ ಕೈಗಳನ್ನು ಮತ್ತೆ ನೆಟ್ಟಗೆ ಹಿಡಿದ.

"ಬಾನಿ ತಿರುಗಿದ ಆ ದಿನ ತನ್ನ ಅಂಗಡಿ ತೆರೆದಿತ್ತೋ ಮುಚ್ಚಿತ್ತೋ ಎಂದು ಕೇಳಿದರೆ ಅವನಿಗೆ ಇವತ್ತಿಗೂ ಗೊತ್ತಿಲ್ಲ, ಮಗೂ, ಅದು ದೀಪಾವಳಿಗೆ ಮುಂಚಿನ ಕೊನೆಯ ಸಂತೆ, ವರ್ಷದಲ್ಲೇ ಹೆಚ್ಚು ಜವಳಿ ಮಾರುವ ದಿನ, ಆಶ್ವಯುಜ ಬಹುಳ ಏಕಾದಶಿ, ಸೋಮವಾರ."